ಇನ್ಸಿಡೆನ್ಸ್, ಪ್ರೆವಲೆನ್ಸ್ ಎರಡಕ್ಕೂ "ಪ್ರಮಾಣ" ಅಂತಲೇ ಬರೀಬೇಕಾ?

ಎಲ್ಲರಿಗೂ ನಮಸ್ಕಾರ, ಮಂಡ್ಯದಿಂದ ಬರೀತಿದೀನಿ. ಗ್ರಾಮ ಪಂಚಾಯ್ತಿ ಮೆಂಬರುಗಳಿಗೆ ಅಂತ ಒಂದು ಕೈಪಿಡಿ ಕನ್ನಡಕ್ಕೆ ತರೋ ಕೆಲಸ ಒಪ್ಕೊಂಡು ಸಿಕ್ಕಾಕ್ಕೊಂಡಿದೀನಿ. ದೇಶ ದೇಶದ ಆರೋಗ್ಯದ ಅಂಕಿಅಂಶ ಹೆಂಗೆ ಒಟ್ಟು ಮಾಡ್ತಾರೆ, ಅದನ್ನ ನೋಡ್ಕೊಂಡು ಸರ್ಕಾರದೋರು ದುಡ್ಡು ಎಲ್ಲಿಗೆ ಹಾಕ್ಬೇಕು ಅಂತ ಹೆಂಗೆ ತೀರ್ಮಾನ ಮಾಡ್ತಾರೆ ಅನ್ನೋದು ವಿಷ್ಯ. ಮಿಕ್ಕಿದ್ದೆಲ್ಲ ಹೆಂಗೋ ದಾಟ್ಕೊಂಡೆ, ಈ ಎರಡು ಪದ ಮಾತ್ರ ಮುಂದಕ್ಕೆ ಬಿಡ್ತಿಲ್ಲ.

ಗೊತ್ತಿರೋರು ಕ್ಷಮಿಸಿ, ಗೊತ್ತಿಲ್ದೋರಿಗೆ ಹೇಳ್ತೀನಿ. ಒಂದು ಅವಧೀಲಿ, ಸಾಮಾನ್ಯವಾಗಿ ಒಂದು ವರ್ಷದಲ್ಲಿ, ಹೊಸದಾಗಿ ಕಾಯಿಲೆ ಬಂದೋರ ಲೆಕ್ಕ ಇನ್ಸಿಡೆನ್ಸ್. ಇವತ್ತು ಎಣಿಸಿದ್ರೆ ಆ ಕಾಯಿಲೆ ಇಟ್ಕೊಂಡು ಬದುಕ್ತಿರೋರು, ಹಳಬರು ಹೊಸಬರು ಎಲ್ಲಾ ಸೇರಿ, ಎಷ್ಟು ಅನ್ನೋದು ಪ್ರೆವಲೆನ್ಸ್. ನಮ್ಮ ಪೇಪರುಗಳಲ್ಲಿ ಎರಡಕ್ಕೂ "ಪ್ರಮಾಣ" ಅಂತ ಬರೆದು ಮುಂದಕ್ಕೆ ಹೋಗ್ತಾರೆ. ಮೊದಲ ಕರಡಲ್ಲಿ ನಾನೂ ಅದನ್ನೇ ಮಾಡಿದ್ದೆ.

ಎಡವಟ್ಟಾಗಿದ್ದು ಎಚ್‌ಐವಿ ಬಗ್ಗೆ ಇದ್ದ ಪುಟದಲ್ಲಿ. ವಿಶ್ವಸಂಸ್ಥೆಯ ಏಡ್ಸ್ ವಿಭಾಗದ ಅಂದಾಜಿನ ಪ್ರಕಾರ 2023ರಲ್ಲಿ ಪ್ರಪಂಚದಲ್ಲಿ ಎಚ್‌ಐವಿ ಇಟ್ಕೊಂಡು ಬದುಕ್ತಿದ್ದೋರು ಸುಮಾರು 3 ಕೋಟಿ 99 ಲಕ್ಷ, ಆ ವರ್ಷ ಹೊಸದಾಗಿ ತಗುಲಿದ್ದು 13 ಲಕ್ಷ ಜನಕ್ಕೆ, ಸತ್ತೋರು 6 ಲಕ್ಷ 30 ಸಾವಿರ. ಹೊಸದಾಗಿ ತಗುಲೋರ ಸಂಖ್ಯೆ 1995ರ ಸುಮಾರಿಗಿದ್ದಿದ್ದರ ಅರ್ಧಕ್ಕಿಂತ ಕೆಳಗೆ ಬಂದಿದೆ, ಆದ್ರೆ ಬದುಕಿರೋರ ಸಂಖ್ಯೆ ಏರ್ತಾನೇ ಇದೆ, ಯಾಕಂದ್ರೆ ಎಚ್‌ಐವಿ ಹತೋಟೀಲಿಡೋ ಎಆರ್‌ಟಿ ಮಾತ್ರೆ ಬಂದ್ಮೇಲೆ ಜನ ಮೊದಲಿನಷ್ಟು ಸಾಯ್ತಿಲ್ಲ, ಅಂದ್ರೆ ಇದು ಒಳ್ಳೇ ಸುದ್ದಿ. ನಾನು ಒಂದು ಸಾಲಲ್ಲಿ "ಪ್ರಮಾಣ ಇಳಿದಿದೆ" ಅಂತ ಬರೆದು ಕೆಳಗಿನ ಸಾಲಲ್ಲೇ "ಪ್ರಮಾಣ ಏರಿದೆ" ಅಂತ ಬರೆದಿದ್ದೆ. ಓದೋಕೆ ಕೊಟ್ಟಿದ್ದ ಮೆಂಬರೊಬ್ರು ಫೋನ್ ಮಾಡಿ, "ಸಾ, ಇಳಿದದೋ ಏರದೋ ಮೊದ್ಲು ತೀರ್ಮಾನ ಮಾಡಿ. ಮಾತ್ರೆ ಕೊಟ್ಟಷ್ಟೂ ಕಾಯ್ಲೆಯೋರು ಜಾಸ್ತಿ ಆಯ್ತಾವ್ರೆ ಅನ್ನಂಗಿದ್ರೆ ಮಾತ್ರೆಗ್ ಯಾಕ್ ದುಡ್ಡು ಸುರೀಬೇಕು?" ಅಂದ್ರು. ಅವರ ತಪ್ಪಿಲ್ಲ, ನಾನು ಬರೆದಿದ್ದನ್ನ ಯಾರು ಓದಿದ್ರೂ ಹಂಗೇ ಅನ್ಸೋದು.

ಅವರಿಗೆ ನಾನು ಬಿಡಿಸಿ ಹೇಳಿದ್ದು ಕನ್ನಂಬಾಡಿ ಕಟ್ಟೆ ಲೆಕ್ಕದಲ್ಲಿ. ಮಳೆಗಾಲ ಬಂತು ಅಂದ್ರೆ ಇಲ್ಲಿ ಟೀ ಅಂಗಡೀಲಿ ಮೊದಲ ಮಾತೇ ಅದು, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, ಮಟ್ಟ ಎಷ್ಟು ಅಡಿ, ತುಂಬಿದ್ರೆ 124.80. ಒಳಹರಿವು ಕಮ್ಮಿಯಾದ್ರೂ ಮಟ್ಟ ಏರ್ತಾ ಇರಬಹುದು, ನಾಲೆಗೆ ಬಿಡೋದು ಅದಕ್ಕಿಂತ ಕಮ್ಮಿ ಇದ್ರೆ. ಇನ್ಸಿಡೆನ್ಸ್ ಅನ್ನೋದು ಒಳಹರಿವು, ಪ್ರೆವಲೆನ್ಸ್ ಅನ್ನೋದು ಮಟ್ಟ, ವಾಸಿಯಾಗಿ ಹೋಗೋರು ಸತ್ತು ಹೋಗೋರು ಸೇರಿ ಹೊರಹರಿವು. ಎಚ್‌ಐವಿಗೆ ಪೂರ್ತಿ ವಾಸಿ ಅನ್ನೋದು ಇಲ್ದೇ ಇರೋದ್ರಿಂದ ಅಲ್ಲಿ ಹೊರಹರಿವು ಅಂದ್ರೆ ಹೆಚ್ಚುಕಮ್ಮಿ ಸಾವೇ. 13 ಲಕ್ಷ ಒಳಗೆ, ಆರೂಕಾಲು ಲಕ್ಷದ ಚಿಲ್ರೆ ಹೊರಗೆ, ಮಟ್ಟ ಏರದೆ ಇನ್ನೇನಾಗುತ್ತೆ. ಅರ್ಧ ನಿಮಿಷದಲ್ಲಿ ಅರ್ಥ ಆಯ್ತು ಅವರಿಗೆ. ಆದ್ರೆ ಕೋಷ್ಟಕದ ತಲೇಲಿ "ಕ್ಷಯದ ಒಳಹರಿವು" ಅಂತ ಬರೆಯೋಕಾಗುತ್ತಾ? ಬರೆದ್ರೆ ಚೆನ್ನಾಗಿರುತ್ತೆ ಅಂತ ನನಗೇನೋ ಆಸೆ ಇದೆ, ನಗ್ತೀರ ಅಂತ ಭಯಾನೂ ಇದೆ.

ಇಲ್ಲೀವರೆಗೆ ಕಣ್ಣಿಗೆ ಬಿದ್ದ ಪದಗಳು ನೋಡಿ. ಇನ್ಸಿಡೆನ್ಸ್‌ಗೆ "ಸಂಭವ", "ಘಟನಾ ದರ". ಎರಡನೇದು ಓದಿದ್ರೆ ರೋಡ್ ಆಕ್ಸಿಡೆಂಟ್ ನೆನಪಾಗುತ್ತೆ. ಪ್ರೆವಲೆನ್ಸ್‌ಗೆ "ವ್ಯಾಪಕತೆ", "ಹರಡುವಿಕೆ". ಈ ಹರಡುವಿಕೆ ಅನ್ನೋದು ನನ್ನ ಪ್ರಕಾರ ಬರೀ ಒರಟು ಅನುವಾದ ಅಲ್ಲ, ತಪ್ಪೇ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಜನಕ್ಕೆ, ಅಂದ್ರೆ ಹತ್ತು ಕೋಟಿ ಮೇಲೆ, ಸಕ್ಕರೆ ಕಾಯಿಲೆ ಅಂತ ಇದೆಯಲ್ಲ, ಅದನ್ನ "ಸಕ್ಕರೆ ಕಾಯಿಲೆ ಹರಡುವಿಕೆ 11.4" ಅಂತ ಬರೆದ್ರೆ ಪಕ್ಕದಲ್ಲಿ ಕೂತು ಕಾಫಿ ಕುಡಿದ್ರೂ ಬರುತ್ತೇನೋ ಅನ್ಸುತ್ತೆ. ಹರಡೋದು ಬೇರೆ, ಇರೋದು ಬೇರೆ.

ಕೊರೊನಾ ಕಾಲದಲ್ಲಿ ದಿನಾ ಸಂಜೆ ಬರ್ತಿದ್ದ ಬುಲೆಟಿನ್‌ನಲ್ಲಿ "ಹೊಸ ಪ್ರಕರಣ", "ಸಕ್ರಿಯ ಪ್ರಕರಣ", "ಗುಣಮುಖ" ಅಂತ ಇರ್ತಿತ್ತು, ಅಜ್ಜಿಯರಿಗೂ ಅರ್ಥ ಆಗ್ತಿತ್ತು, ಅಂದ್ರೆ ಕನ್ನಡ ಆಗ್ಲೇ ಈ ಕೆಲಸ ಮಾಡಿ ಮುಗಿಸಿತ್ತು, ನಾವು ಗಮನಿಸಲಿಲ್ಲ ಅಷ್ಟೇ. ಆದ್ರೆ ಸಕ್ರಿಯ ಅನ್ನೋದು ಬಿಪಿಗೆ ಸಕ್ಕರೆಗೆ ಒಗ್ಗಲ್ಲ. ಇನ್ನು "ಹೊಸ ಕಾಯಿಲೆ ಪ್ರಮಾಣ" ಅಂದ್ರೆ ಹಿಂದೆ ಕೇಳಿರದ ಯಾವುದೋ ಕಾಯಿಲೆ ಅಂತ ಅರ್ಥ ಬರುತ್ತೆ. "ಹೊಸ ರೋಗಿಗಳು" ಅಂದ್ರೆ ಒಬ್ಬನಿಗೇ ವರ್ಷದಲ್ಲಿ ಎರಡು ಸಲ ಭೇದಿ ಆದ್ರೆ ಲೆಕ್ಕ ತಪ್ಪುತ್ತೆ, ಅಲ್ಲಿ ಎಣಿಸೋದು ಜನಾನಲ್ಲ, ಕೇಸು. ನಮ್ಮ ಅತ್ತಿಗೆ ಉಪಕೇಂದ್ರದಲ್ಲಿ ಸಿಸ್ಟರ್ ಆಗಿದ್ದೋರು, ಅವರನ್ನ ಕೇಳಿದ್ದಕ್ಕೆ "ಅದ್ಯಾಕಪ್ಪ ಅಷ್ಟ್ ತಲೆ ಕೆಡುಸ್ಕತಿಯ, ಹೊಸ್ದಾಗ್ ಬಂದ್ ಕೇಸೆಷ್ಟು, ಒಟ್ಟು ಇರೋ ಕೇಸೆಷ್ಟು, ಅಷ್ಟೇಯ" ಅಂದ್ರು. ಸದ್ಯಕ್ಕೆ ನನ್ನ ಕರಡಲ್ಲಿ ಇರೋದು ಅತ್ತಿಗೆ ಪದಗಳೇ, "ಹೊಸ ಕೇಸು ದರ" ಮತ್ತು "ಇರುವ ಕೇಸು ಪ್ರಮಾಣ".

ದರ ಅಂದ್ರೂ ಇಲ್ಲಿ ಕಷ್ಟ. ಮಂಡ್ಯದಲ್ಲಿ ದರ ಅಂದ್ರೆ ಕಬ್ಬಿಂದು, ಇಲ್ಲಾ ಬೆಲ್ಲದ್ದು. "ಮರಣ ದರ" ಓದಿ ಒಬ್ರು "ಸಾವಿಗೂ ರೇಟ್ ಕಟ್ಟವ್ರಾ" ಅಂತ ಕೇಳಿದ್ರು, ತಮಾಷೆಗೇ ಕೇಳಿದ್ದು ಅಂದ್ಕೊಂಡಿದೀನಿ. ತಾಯಂದಿರ ಸಾವಿನ ಲೆಕ್ಕದಲ್ಲಂತೂ ರೇಟು, ರೇಶಿಯೋ ಎರಡೂ ಬೇರೆ ಬೇರೆ ಇವೆ. ರೇಶಿಯೋದಲ್ಲಿ ಭಾಗಿಸೋದು ಜೀವಂತ ಹುಟ್ಟಿದ ಮಕ್ಕಳಿಂದ, ರೇಟಲ್ಲಿ 15ರಿಂದ 49 ವಯಸ್ಸಿನ ಹೆಂಗಸರಿಂದ. ಕೇಂದ್ರ ಸರ್ಕಾರದ 2018-20ರ ಮಾದರಿ ನೋಂದಣಿ (ಎಸ್‌ಆರ್‌ಎಸ್) ಲೆಕ್ಕದಲ್ಲಿ ಭಾರತಕ್ಕೆ 97, ಕರ್ನಾಟಕಕ್ಕೆ 69 ಅಂತ ಬಂದಿದ್ದು ರೇಶಿಯೋ, ಲಕ್ಷ ಜೀವಂತ ಜನನಕ್ಕೆ. 2030ಕ್ಕೆ ಇಡೀ ಪ್ರಪಂಚದಲ್ಲಿ 70ರ ಕೆಳಗೆ ತರ್ಬೇಕು ಅನ್ನೋ ಗುರಿ ಇರೋದೂ ಇದಕ್ಕೇ. ಕನ್ನಡದಲ್ಲಿ ಎರಡೂ "ತಾಯಂದಿರ ಮರಣ ಪ್ರಮಾಣ". ಇಲ್ಲಿ ನಾನು ಹೊಸ ಪದ ಹುಡುಕೋದೇ ಬಿಟ್ಟೆ, "ಲಕ್ಷ ಹೆರಿಗೆಗೆ ಇಷ್ಟು" ಅಂತ ಬಿಡಿಸಿ ಬರೆದೆ. ಹೆರಿಗೆ ಅಂದ್ರೆ ಜೀವಂತ ಜನನ ಅಲ್ಲ, ಅವಳಿ ಇರ್ತವೆ, ಸತ್ತು ಹುಟ್ಟೋವೂ ಇರ್ತವೆ ಅಂತ ಯಾರಾದ್ರೂ ತಕರಾರು ತೆಗೆದ್ರೆ ಒಪ್ಪಲೇಬೇಕು. "ಬದುಕಿ ಹುಟ್ಟಿದ ಲಕ್ಷ ಮಕ್ಕಳಿಗೆ" ಅನ್ನೋದು ಸರಿ ಇರಬಹುದಾ?

ಲಿಂಗಾನುಪಾತ ಇನ್ನೊಂದು ತಲೆನೋವು. 2023ರಲ್ಲಿ ಆಲೆಮನೇಲಿ ಕದ್ದು ಸ್ಕ್ಯಾನಿಂಗ್ ಮಾಡಿ ಹೊಟ್ಟೇಲಿರೋದು ಹೆಣ್ಣಾ ಗಂಡಾ ಅಂತ ನೋಡ್ತಿದ್ದ ಸುದ್ದಿ ಬಂದ್ಮೇಲೆ ನಮ್ಮ ಕಡೆ ಆ ಪದ ಎಲ್ಲರ ಬಾಯಲ್ಲೂ ಇದೆ. ನಾವು ಎಣಿಸೋದು ಸಾವಿರ ಗಂಡಿಗೆ ಎಷ್ಟು ಹೆಣ್ಣು ಅಂತ, ಹೊರದೇಶದ ಕೋಷ್ಟಕದಲ್ಲಿ ನೂರು ಹೆಣ್ಣಿಗೆ ಎಷ್ಟು ಗಂಡು ಅಂತ. ಹುಟ್ಟೋ ಮಕ್ಕಳ ಲೆಕ್ಕದಲ್ಲಿ ಅಲ್ಲಿ 105 ಅಂದ್ರೆ ಸಹಜ, ನಮ್ಮ ಲೆಕ್ಕಕ್ಕೆ ತಿರುಗಿಸಿದ್ರೆ 952. ಅನುಪಾತ "ಏರಿದೆ" ಅಂದ್ರೆ ಇಲ್ಲಿ ಹೆಣ್ಣುಮಕ್ಕಳು ಜಾಸ್ತಿ ಆದ್ರು ಅಂತ, ಅಲ್ಲಿ ಕಮ್ಮಿ ಆದ್ರು ಅಂತ. ಆ ಪುಟದಲ್ಲಿ ಏರಿದೆ ಇಳಿದಿದೆ ಅನ್ನೋ ಕ್ರಿಯಾಪದಾನೇ ತೆಗೆದು ಹಾಕಿದೀನಿ.

ಈಗ ಕೇಳೋದು ಇಷ್ಟೇ. ಹಳೇ ಪಠ್ಯಪುಸ್ತಕದಲ್ಲೋ ಮೆಡಿಕಲ್ ಓದಿದೋರ ನೋಟ್ಸಲ್ಲೋ ಈ ಎರಡಕ್ಕೆ ಬೇರೆ ಬೇರೆ ಕನ್ನಡ ಪದ ಬಳಸಿದ್ದು ಯಾರಾದ್ರೂ ನೋಡಿದೀರಾ? "ಕೇಸು" ಅಂತ ಅಚ್ಚಲ್ಲಿ ಹಾಕಿದ್ರೆ ಓದುಗರು ಪೊಲೀಸ್ ಸ್ಟೇಷನ್ ಕಡೆ ನೋಡ್ತಾರಾ, ಆಸ್ಪತ್ರೆ ಕಡೆನಾ? ಉತ್ತರ ಕರ್ನಾಟಕದೋರು, ಮಂಗಳೂರು ಕಡೆಯೋರು ಏನಂತೀರ ಅಂತಾನೂ ಹೇಳಿ, ಕನ್ನಂಬಾಡಿ ಲೆಕ್ಕ ಅಲ್ಲಿ ನಡೆಯೋದು ಕಷ್ಟ. ಕೋಷ್ಟಕದ ತಲೇಲಿ ಜಾಗ ಇರೋದು ಎರಡೇ ಪದಕ್ಕೆ, ಮೂರನೇದು ಪಕ್ಕದ ಮನೆಗೆ ನುಗ್ಗುತ್ತೆ.