ಊರ ನೀರಿನ ಟ್ಯಾಂಕಿಗೆ ಬೀಗ ಹಾಕಿದರೆ ಸಾಕಾ? ಗೊತ್ತಿದ್ದವರು ಹೇಳಿ

ಕೇಳಿದವರು, ಗ್ರಾಮ ಪಂಚಾಯ್ತಿ ಸದಸ್ಯೆ:
ನಮ್ಮೂರಲ್ಲಿ 1,500 ಜನ. ಬೋರ್‌ವೆಲ್ ಎರಡು, 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ಒಂದು. ಏಣಿಗೆ ಗೇಟಿಲ್ಲ, ಮುಚ್ಚಳಕ್ಕೆ ಬೀಗವಿಲ್ಲ. ಯಾರಾದರೂ ಏನಾದರೂ ಬೆರೆಸಿದರೆ, ಮೋಟಾರ್ ಸುಟ್ಟರೆ, ಮಳೆಗೆ ಬೋರ್ ಮುಳುಗಿದರೆ ಮೊದಲು ಏನು ಮಾಡಬೇಕು?

ನೀರುಗಂಟಿ:
ಮೇಡಂ, ಏಣಿಯ ಕೆಳಗಿನ ಎಂಟು ಅಡಿಗೆ ತಗಡು ಸುತ್ತಿಸಿ, ಬಾಗಿಲು ಮಾಡಿಸಿ ಬೀಗ ಹಾಕಿಸಿ. ಬೀಗದ ಕೈ ಎರಡೇ ಇರಲಿ, ಒಂದು ವಾಟರ್‌ಮನ್ ಹತ್ತಿರ, ಇನ್ನೊಂದು ಪಂಚಾಯ್ತಿ ಆಫೀಸಲ್ಲಿ. ಗಾಳಿ ಕೊಳವೆಗೂ ಓವರ್‌ಫ್ಲೋ ಪೈಪಿನ ಬಾಯಿಗೂ ಸ್ಟೀಲ್ ಜಾಲರಿ ಕಟ್ಟಿಸಿ. ಪ್ಲಾಸ್ಟಿಕ್ ಜಾಲರಿ ಬಿಸಿಲಿಗೆ ಪುಡಿಯಾಗುತ್ತೆ, ಆಮೇಲೆ ಅಳಿಲು, ಹಕ್ಕಿ ಒಳಗೆ ಬೀಳೋದು ಅಲ್ಲಿಂದಲೇ.

ಬೀಗಕ್ಕಿಂತ ಮುಖ್ಯ ಟ್ಯಾಂಕಿನಿಂದ ಊರಿಗೆ ನೀರು ಬಿಡೋ ಔಟ್‌ಲೆಟ್ ವಾಲ್ವ್. ಸುಮಾರು ಊರಲ್ಲಿ ಅದರ ಗುಂಡಿ ಮಣ್ಣು ತುಂಬಿರುತ್ತೆ, ತಿರುಗಿಸೋ ಕಡ್ಡಿ (ಸ್ಪಿಂಡಲ್) ತುಕ್ಕು ಹಿಡಿದಿರುತ್ತೆ. ಅವಸರಕ್ಕೆ ತಿರುಗಿಸಿದರೆ ಮುರಿಯುತ್ತೆ. ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆಗೆಯಿರಿ. ಮುಚ್ಚಿದ ಮೇಲೂ ನೀರು ಹರಿದರೆ ವಾಲ್ವ್ ಒಳಗೆ ನೀರು ತಡೆಯೋ ಗೇಟಿನ ಕೆಳಗೆ ಕಲ್ಲು ಸಿಕ್ಕಿದೆ ಅಥವಾ ಆ ಗೇಟ್ ಸವೆದಿದೆ ಅಂತ ಅರ್ಥ. ಆ ವಾರವೇ ಬದಲಾಯಿಸಿ.

ಗ್ರಾಮೀಣ ನೀರು ಸರಬರಾಜು ಇಂಜಿನಿಯರ್:
ವಾಲ್ವ್ ಬಗ್ಗೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಟ್ಯಾಂಕಿಗೆ ಏನಾದರೂ ಬೆರೆಸುವುದು ಎಲ್ಲೋ ನಡೆಯುವ ಮಾತು ಅಂದುಕೊಳ್ಳಬೇಡಿ. 2022ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ವೇಂಗೈವಯಲ್‌ನಲ್ಲಿ ದಲಿತ ಕುಟುಂಬಗಳಿಗೆ ಕುಡಿಯುವ ನೀರು ಕೊಡುವ ಟ್ಯಾಂಕಿನಲ್ಲೇ ಮಲ ಸಿಕ್ಕಿತ್ತು.

ಅನುಮಾನ ಬಂದ ಕೂಡಲೇ ಮೋಟಾರ್ ನಿಲ್ಲಿಸಿ, ಔಟ್‌ಲೆಟ್ ಮುಚ್ಚಿ. ಟ್ಯಾಂಕ್ ಖಾಲಿ ಮಾಡಬೇಡಿ, ಬ್ಲೀಚಿಂಗ್ ಹಾಕಬೇಡಿ, ಸ್ಯಾಂಪಲ್ ಕೆಡುತ್ತೆ. ಕೀಟನಾಶಕದ ಪರೀಕ್ಷೆಗೆ ಒಂದೊಂದು ಲೀಟರಿನ ಎರಡು ಗಾಜಿನ ಬಾಟಲಿ ಬೇಕು. ತುಂಬಿದ ಮೇಲೆ ತಂಪಾದ ಕತ್ತಲಲ್ಲಿಡಿ. ಪಿಡಿಒಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, 112ಕ್ಕೆ ಫೋನ್ ಮಾಡಿ. ಕಸದ ಗಾಡಿಯ ಮೈಕಲ್ಲಿ ಊರೆಲ್ಲ ಸಾರಿಸಿ. ಸಾರುವಾಗ ಒಂದು ತಪ್ಪು ತುಂಬಾ ಆಗುತ್ತೆ: "ಕುದಿಸಿ ಕುಡಿಯಿರಿ" ಅನ್ನುವುದು. ಕುದಿಸಿದರೆ ಸಾಯುವುದು ರೋಗಾಣು, ವಿಷ ಹೋಗುವುದಿಲ್ಲ. "ಮುಟ್ಟಬೇಡಿ, ದನಕ್ಕೂ ಕುಡಿಸಬೇಡಿ" ಅಂತಲೇ ಹೇಳಿಸಿ.

ನೀರು ಹಾಲಿನಂತೆ ಬಂದರೆ ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಳದಿಂದ ಮೇಲಕ್ಕೆ ಎರಡು ನಿಮಿಷದಲ್ಲಿ ತಿಳಿಯಾದರೆ ಅದು ಬರೀ ಗಾಳಿ. ಬಿಳಿ ಹಾಗೇ ಉಳಿದು ಔಷಧಿ ವಾಸನೆ ಬಂದರೆ ಗಾಬರಿಪಡಬೇಕಾದದ್ದೇ. ಸ್ಪ್ರೇಯರ್ ತುಂಬಿಸಲು ನಲ್ಲಿಗೆ ಹಾಕಿದ ಪೈಪಿನ ತುದಿಯನ್ನು ಔಷಧಿ ನೀರಲ್ಲಿ ಮುಳುಗಿಸಿಟ್ಟರೂ ಹೀಗಾಗಬಹುದು. ಲೈನಿನ ಒತ್ತಡ ಬಿದ್ದಾಗ ಅದು ವಾಪಸ್ ಎಳೆದುಕೊಳ್ಳುತ್ತೆ.

ಮೋಟಾರ್ ಮೆಕ್ಯಾನಿಕ್:
ಅಕ್ಕಾ, ಸ್ಟಾರ್ಟರ್ ಪೆಟ್ಟಿಗೆ ಬಾಗಿಲ ಒಳಗೆ ಪೇಂಟಲ್ಲಿ ಬರೆಸಿ: ಬೋರ್ ಎಷ್ಟು ಅಡಿ, ಪಂಪ್ ಎಷ್ಟು ಅಡಿಗೆ ಇಳಿಸಿದೆ, ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್ (ಪಂಪಿನ ಒಳಗಿನ ಚಕ್ರ ಎಷ್ಟು), ಪೈಪ್ ಎಷ್ಟು. ಇದು ಗೊತ್ತಿಲ್ಲದೆ ಮೋಟಾರ್ ಎತ್ತೋಕೆ ಬಂದವರು ಅರ್ಧ ದಿನ ಕಳೆಯುತ್ತಾರೆ. ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸೋ ಸಿಂಗಲ್ ಫೇಸ್ ಪ್ರಿವೆಂಟರ್, ನೀರು ಇಳಿದರೆ ನಿಲ್ಲಿಸೋ ಡ್ರೈ ರನ್ ರಿಲೇ ಎರಡೂ ಇರಲೇಬೇಕು. ಅವಿಲ್ಲದಿದ್ದರೆ ಎರಡರಲ್ಲಿ ಯಾವುದಾದರೂ ಸುಡೋದು ಮೋಟಾರೇ. 5 ಎಚ್‌ಪಿಗೆ 15 ಕೆವಿಎ ಜನರೇಟರ್ ನೋಡಿ, ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಲೈನ್ ಕರೆಂಟೋ ಜನರೇಟರೋ ಒಂದನ್ನೇ ಜೋಡಿಸೋ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಲೇಬೇಡಿ. ಕರೆಂಟ್ ವಾಪಸ್ ಲೈನಿಗೆ ಹೋಗಿ ಕಂಬದ ಮೇಲಿರುವ ಲೈನ್‌ಮನ್ ಜೀವ ಹೋಗುತ್ತೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಬೋರ್ ಮುಳುಗಿದರೆ ಬ್ಲೀಚಿಂಗ್ ಎಷ್ಟು? ಟ್ಯಾಂಕಿಗೆ ದಿನಾ ಎಷ್ಟು?

ಇಂಜಿನಿಯರ್:
ಆರೂವರೆ ಇಂಚಿನ ಬೋರಿನಲ್ಲಿ ಅಡಿಗೆ ಸುಮಾರು ಆರೂವರೆ ಲೀಟರ್ ನೀರು. 200 ಅಡಿ ನೀರಿದ್ದರೆ 1,300 ಲೀಟರ್. ಮೊದಲು ನೀರು ತಿಳಿಯಾಗುವ ತನಕ ಹೊರಗೆ ಓಡಿಸಿ. ಆಮೇಲೆ 260 ಗ್ರಾಂ ಪುಡಿ ಕರಗಿಸಿ ಹಾಕಿ, ರಾತ್ರಿಯಿಡೀ ಬಿಟ್ಟು, ವಾಸನೆ ಹೋಗುವವರೆಗೆ ಮತ್ತೆ ಹೊರಗೆ ಬಿಡಿ. ಆ ನೀರು ಕೆರೆಗೆ ಸೇರಬಾರದು, ಮೀನು ಸಾಯುತ್ತವೆ. ಟ್ಯಾಂಕಿಗೆ ತುಂಬಿದಾಗಲೆಲ್ಲ 400 ಗ್ರಾಂ. ಎರಡೂ ಲೆಕ್ಕ ಶೇ 25 ಕ್ಲೋರಿನ್ ಇರುವ ಪುಡಿಗೆ. ಬಾಯಿ ತೆರೆದಿಟ್ಟ ಹಳೆ ಮೂಟೆಯಲ್ಲಿ ಅಷ್ಟೂ ಇರುವುದಿಲ್ಲ. ಬಕೆಟ್‌ನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿ ಮಾತ್ರ ಹಾಕಿ, ತಳದ ಗಷ್ಟು ಬೇಡ. ಅರ್ಧ ಗಂಟೆ ಕಳೆದ ಮೇಲೆ ನೀರು ಬಿಡಿ. ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಸಿಗಬೇಕು, ವಾಂತಿಭೇದಿ ಇದ್ದ ಊರಲ್ಲಿ 0.5.

ನೀರುಗಂಟಿ:
ಕೊನೇ ಮನೇಲಿ ಕ್ಲೋರಿನ್ ಸಿಗಲಿಲ್ಲ ಅಂದರೆ ನಲ್ಲಿ ಗುಂಡಿ ನೋಡಿ ಮೇಡಂ. ನೀರು ಸಾಲದು ಅಂತ ನೆಲ ಅಗೆದು ನಲ್ಲಿ ಕೆಳಗಿಟ್ಟಿರುತ್ತಾರೆ. ನೀರು ನಿಲ್ಲಿಸಿದ ಮೇಲೆ ಗುಂಡಿಯ ಕೊಳಚೆಯೆಲ್ಲ ಪೈಪಿನೊಳಕ್ಕೆ ಹೋಗುತ್ತೆ. ಗುಂಡಿ ಮುಚ್ಚಿಸಿ, ನಲ್ಲಿ ನೆಲದಿಂದ ಎರಡಡಿ ಮೇಲಕ್ಕೆ ತರಿಸಿ. ಟ್ಯಾಂಕರ್‌ನವರ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ. ತಲೆಗೆ 15 ಲೀಟರ್ ಅಂದರೂ ನಿಮ್ಮೂರಿಗೆ ದಿನಕ್ಕೆ 22,500 ಲೀಟರ್, 4,500 ಲೀಟರಿನ ಟ್ಯಾಂಕರ್ ಆದರೆ ಐದು ಟ್ರಿಪ್.