ಕೆಡುಕು ಅಂದರೆ ಬರೀ ಒಳಿತಿನ ಕೊರತೆಯಾ? ಯೂಂಗ್ ಓದಿದ ಮೇಲೆ ಕೇಳುತ್ತಿದ್ದೇನೆ

ಹಾಸನದ ಓದುಗಿ
ನಾನು ಕ್ಯಾಥೊಲಿಕ್ ಮನೆಯವಳು. ಹೋದ ವರ್ಷ ಅಣ್ಣನ ಮಗ ತೀರಿಕೊಂಡ. 9 ವರ್ಷ. ಜ್ವರ ಅಂತ ಶುರುವಾಗಿದ್ದು 11 ದಿನದಲ್ಲಿ ಮುಗಿದುಹೋಯಿತು. ಅದಕ್ಕೆ ಎರಡು ತಿಂಗಳ ಹಿಂದೆ ಅವನನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿದ್ದ ಚರ್ಚ್ ನೋಡಿ, "ದೇವರ ಮನೆ ಮುಳುಗುವಾಗ ದೇವರು ಸುಮ್ನೆ ಇದ್ದನಾ?" ಅಂತ ಕೇಳಿದ್ದ. ಮಣ್ಣು ಮಾಡಿ ಬಂದ ರಾತ್ರಿ ಹಿರಿಯರೊಬ್ಬರು ಅತ್ತಿಗೆಯ ಪಕ್ಕ ಕೂತು, "ದೇವರಿಗೆ ಬೇಕಾಗಿದ್ದ, ಕರೆದುಕೊಂಡ" ಅಂದರು. ಸಮಾಧಾನಕ್ಕೇ ಹೇಳಿದ್ದು, ಗೊತ್ತು. ಆದರೆ ಅತ್ತಿಗೆ ಅವತ್ತಿನಿಂದ ಜಪಸರ ಮುಟ್ಟಿಲ್ಲ.

ಸಂತ ಅಗಸ್ಟೀನರ ಮಾತು ಚಿಕ್ಕಂದಿನಲ್ಲೇ ಕಲಿತಿದ್ದೆ. ಕೆಡುಕು ತಾನಾಗಿ ಒಂದು ವಸ್ತು ಅಲ್ಲ, ಒಳಿತು ಇರಬೇಕಾದ ಕಡೆ ಇಲ್ಲದಿರುವುದೇ ಕೆಡುಕು. ಈಗ ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1952ರಲ್ಲಿ ಯೋಬನ ಬಗ್ಗೆ ಬರೆದ ಪುಸ್ತಕ ಓದುತ್ತಿದ್ದೇನೆ. ಯೋಬ ಅಂದರೆ ಬೈಬಲಿನಲ್ಲಿ ತಪ್ಪೇ ಮಾಡದೆ ಮಕ್ಕಳನ್ನೂ ಎಲ್ಲವನ್ನೂ ಕಳೆದುಕೊಂಡವನು. ಅಗಸ್ಟೀನರ ಆ ಮಾತನ್ನು ಯೂಂಗ್ ಒಪ್ಪುವುದೇ ಇಲ್ಲ. ನಮ್ಮ ಮನಸ್ಸಿನಲ್ಲಿರುವ ದೇವರ ರೂಪದಲ್ಲೇ ಕತ್ತಲೆಯೂ ಇದೆ ಅನ್ನುತ್ತಾರೆ. ಓದಿ ಹೆದರಿಕೆಯಾಯಿತು, ಜೊತೆಗೆ ಯಾರೋ ನಿಜ ಹೇಳಿದ ಹಾಗೂ ಅನ್ನಿಸಿತು. ನಂಬಿಕೆ ಇಟ್ಟುಕೊಂಡು ಇದನ್ನು ಓದಬಹುದಾ?

ಚಿಕ್ಕಮಗಳೂರಿನ ಮೇಷ್ಟ್ರು
ಓದಿ ತಂಗಿ. ನಿಮಗಿಂತ ಮೊದಲು ಒಬ್ಬ ಪಾದ್ರಿಯೇ ಓದಿ ಒದ್ದಾಡಿದ್ದಾರೆ. ವಿಕ್ಟರ್ ವೈಟ್ ಅಂತ, ಇಂಗ್ಲೆಂಡಿನವರು, ಡೊಮಿನಿಕನ್ ಅನ್ನುವ ಕ್ಯಾಥೊಲಿಕ್ ಸಂನ್ಯಾಸಿ ಸಭೆಯ ಗುರು. 1945ರಲ್ಲಿ ಯೂಂಗ್‌ಗೆ ಕಾಗದ ಬರೆದರು. ತಮ್ಮ ಕೆಲಸದ ಅರ್ಥ ಹಿಡಿಯಬಲ್ಲ ಒಬ್ಬ ದೇವಶಾಸ್ತ್ರಜ್ಞ ಸಿಕ್ಕ ಅಂತ ಯೂಂಗ್‌ಗೆ ಬಹಳ ಸಂತೋಷವಾಯಿತು. ಸ್ನೇಹ ಬೆಳೆಯಿತು, ಪತ್ರಗಳು ಓಡಾಡಿದವು. ಆಮೇಲೆ ಅದು ಬಿರುಕು ಬಿಟ್ಟಿದ್ದು ನೀವು ಕೇಳಿದ ಇದೇ ಪ್ರಶ್ನೆಯ ಮೇಲೆ. ಕೊರತೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಕುರುಡುತನವೂ ಒಂದು ಕೊರತೆಯೇ, ಆದರೆ ಕುರುಡನಿಗೆ ಅದು ಪೂರಾ ನಿಜ ಅಲ್ವಾ? ಇದು ವೈಟ್ ಕಡೆಯ ವಾದ. ಯುದ್ಧವನ್ನೂ ರೋಗಿಗಳನ್ನೂ ಕಂಡ ನನಗೆ ಕೆಡುಕು ಒಂದು ಶಕ್ತಿಯ ಹಾಗೇ ಕಾಣುತ್ತದೆ, ಕೊರತೆ ಅಂದರೆ ಅದನ್ನು ಹಗುರ ಮಾಡಿದ ಹಾಗೆ, ಇದು ಯೂಂಗ್ ಕಡೆಯದು. 1955ರಲ್ಲಿ ವೈಟ್ ಆ ಪುಸ್ತಕದ ಮೇಲೆ ಕಟುವಾಗಿಯೇ ಬರೆದರು. 1960ರಲ್ಲಿ ವೈಟ್ ತೀರಿಕೊಂಡರು, ಮರುವರ್ಷ ಯೂಂಗ್.

ಇನ್ನೊಂದು ವಿಷಯ. ಯೂಂಗ್ ಅಪ್ಪನೂ ಪಾದ್ರಿ, ಸ್ವಿಸ್ ಪ್ರಾಟೆಸ್ಟೆಂಟ್ ಸಭೆಯವರು. ಧರ್ಮದ ಪಾಠದಲ್ಲಿ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ) ಅಧ್ಯಾಯ ಬಂದಾಗ, ಇದು ನನಗೇ ಅರ್ಥವಾಗಿಲ್ಲ, ಬಿಟ್ಟು ಮುಂದೆ ಹೋಗೋಣ ಅಂದರಂತೆ. ಆ ಹುಡುಗ ಅದೊಂದು ಅಧ್ಯಾಯಕ್ಕೇ ಕಾದಿದ್ದ. ಮುದುಕನಾದಾಗಲೂ ಮರೆಯಲಿಲ್ಲ.

ಸಕಲೇಶಪುರದ ಬೆಳೆಗಾರ
ನಾನು ಹಿಂದೂ, ಬೈಬಲ್ ಜಾಸ್ತಿ ಓದಿದವನಲ್ಲ. ಆದರೆ ಈ ಕೊರತೆ ಅನ್ನುವ ಮಾತು ಓದಿದಾಗ ತೋಟ ನೆನಪಾಯಿತು. ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಹೊರಗಿನಿಂದ ಎಷ್ಟೋ ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಎಲೆ ಹಳದಿ ತಿರುಗುತ್ತದೆ. ಕಾಂಡ ಸೀಳಿದರೆ ಒಳಗೆ ಟೊಳ್ಳು. ಆ ಟೊಳ್ಳು ಕೊರತೆ, ಸರಿ. ಆದರೆ ಅದನ್ನು ಮಾಡಿದ ಹುಳು ಅಲ್ಲೇ ಇರುತ್ತದಲ್ಲ, ಜೀವ ಇರುವ ಹುಳು! ಕೊರತೆ ತಾನೇ ಕೊರೆಯುವುದಿಲ್ಲ. ಯೂಂಗ್ ಹೇಳುವುದು ಇದನ್ನೇ ಇರಬೇಕು.

ಚಿಕ್ಕಮಗಳೂರಿನ ಮೇಷ್ಟ್ರು
ಒಳ್ಳೆಯ ಮಾತು. ಆದರೆ ಅಗಸ್ಟೀನ್ ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ. ಹುಳುವೂ ದೇವರ ಸೃಷ್ಟಿ, ಹುಳುವಾಗಿ ಅದು ಒಳ್ಳೆಯದೇ. ಅದರ ಬದುಕು ನಿಮ್ಮ ಗಿಡದ ಸಾವಾಯಿತು, ಕೇಡು ಇರುವುದು ಆ ಗಿಡ ಕಳೆದುಕೊಂಡದ್ದರಲ್ಲಿ. ನನಗೆ ಈ ವಾದದಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಗಿಡ ಕಿತ್ತು ಸುಡುವಾಗ ಯಾರಾದರೂ ಇದನ್ನು ಹೇಳಿದರೆ ನೀವು ಕೇಳುವುದೂ ಇಲ್ಲ.

ಬೇಲೂರು ಕಡೆಯವನು
1938ರಲ್ಲಿ ಭಾರತಕ್ಕೆ ಬಂದಿದ್ದಾಗ ಯೂಂಗ್ ಮೈಸೂರು ಮಹಾರಾಜರ ಗುರು ಸುಬ್ರಹ್ಮಣ್ಯ ಅಯ್ಯರ್ ಅವರ ಜೊತೆ ಮಾತಾಡಿದ್ದರು. ಇಲ್ಲಿಯವರು ಒಳಿತು ಕೆಡುಕು ಎರಡನ್ನೂ ದಾಟಿ ನಿಲ್ಲಲು ನೋಡುತ್ತಾರೆ, ಆದರೆ ನನಗೆ ಹಾಗೆ ಬಿಡುಗಡೆ ಬೇಡ ಅಂತ ಯೂಂಗ್‌ಗೆ ಅನ್ನಿಸಿತು. ನಮ್ಮೂರ ಗುಡಿಯ ಗೋಡೆಯಲ್ಲಿ ಉಗ್ರನರಸಿಂಹ ಕರುಳು ಬಗೆಯುತ್ತಿದ್ದಾನೆ, ಜನ ಅವನಿಗೇ ಕೈಮುಗಿಯುತ್ತಾರೆ. ಅಲ್ಲಿಂದ ಜೈನರ ಶ್ರವಣಬೆಳಗೊಳಕ್ಕೆ ಹೋದರೆ ಲೋಕ ಸೃಷ್ಟಿಸಿದ ದೇವರೇ ಇಲ್ಲ, ಹಾಗಾಗಿ ಯಾಕೆ ಹೀಗೆ ಮಾಡಿದೆ ಅಂತ ಕೇಳಲು ಎದುರಿಗೆ ಯಾರೂ ಇಲ್ಲ. ಒಬ್ಬನೇ ದೇವರು, ಅವನು ಪೂರ್ತಿ ಒಳ್ಳೆಯವನು, ಎಲ್ಲ ಶಕ್ತಿಯೂ ಅವನದೇ ಅಂದಾಗಲೇ ಈ ಪ್ರಶ್ನೆ ಇಷ್ಟು ಚುಚ್ಚುವುದು. ಅಕ್ಕನ ಸಂಕಟಕ್ಕೆ ನಮ್ಮ ಕಡೆಯ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ ಅಂತ ನನ್ನ ಭಾವನೆ.

ಹಾಸನದ ಓದುಗಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಕೂತು ಪುಸ್ತಕ ಮುಗಿಸಿದೆ. ಯೂಂಗ್ ಹೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಯೋಬನಿಗೆ ನಿಜವಾದ ಉತ್ತರ ಸಿಕ್ಕಿದ್ದು ಶಿಲುಬೆಯ ಮೇಲಂತೆ. "ನನ್ನ ದೇವರೇ, ನನ್ನನ್ನು ಏಕೆ ಕೈಬಿಟ್ಟೆ?" ಅಂತ ಯೇಸು ಕೂಗಿದ ಆ ಗಳಿಗೆಯಲ್ಲಿ, ಯೋಬ ಪಟ್ಟ ಪಾಡು ಏನು ಅಂತ ದೇವರೇ ಮನುಷ್ಯನಾಗಿ ಅನುಭವಿಸಿದ. ದೇವರಲ್ಲಿ ಕತ್ತಲೆ ಇದೆ ಅನ್ನುವುದನ್ನು ನಾನು ಇವತ್ತಿಗೂ ಒಪ್ಪಲಾರೆ. ಇದನ್ನು ಮಾತ್ರ ಒಪ್ಪುತ್ತೇನೆ.

ಆಮೇಲೆ ಬೈಬಲ್ ತೆಗೆದು ಯೋಬನ ಗ್ರಂಥದ ಕೊನೆಯ ಅಧ್ಯಾಯ, 42ನೆಯದು, ಓದಿದೆ. ಯೋಬನ ಎದುರು ಕೂತು ದೇವರ ಪರವಾಗಿ ಅಷ್ಟೆಲ್ಲ ವಾದ ಮಾಡಿದ ಅವನ ಗೆಳೆಯರ ಮೇಲೆ ದೇವರಿಗೇ ಸಿಟ್ಟು ಬರುತ್ತದೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಅನ್ನುತ್ತಾನೆ. ಇಷ್ಟು ವರ್ಷ ಚರ್ಚಿನ ಬಲಿಪೂಜೆಗೆ ಹೋದರೂ ಈ ಸಾಲು ನನ್ನ ಕಿವಿಗೆ ಬಿದ್ದಿರಲಿಲ್ಲ.

ಭಾನುವಾರ ಅತ್ತಿಗೆ ಮನೆಗೆ ಹೋಗುತ್ತಿದ್ದೇನೆ. ಜಪಸರದ ಮಾತು ಎತ್ತುವುದಿಲ್ಲ. ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುವ 3ನೇ ಅಧ್ಯಾಯ ಇದೆಯಲ್ಲ, ಅದನ್ನು ಓದಿ ಹೇಳಲಾ ಅಂತ ಕೇಳುತ್ತೇನೆ.