ಮ್ಯಾಕ್‌ಗ್ರೆಗರ್ ಮನೆಯ ಹುಡುಗ ದಾಖಲೆಯಲ್ಲಿ ಕ್ಯಾಂಬೆಲ್ ಆದದ್ದು ಹೇಗೆ?

ಘಾಟ್‌ಕೋಪರ್ ಟೈಪಿಸ್ಟ್:

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಕೂತು ಟೈಪಿಂಗ್ ಕೆಲಸ ಮಾಡುತ್ತೇನೆ. ಹಳೆಯ ಕಾಗದಗಳ ಸ್ಕ್ಯಾನ್ ಕಳಿಸುತ್ತಾರೆ, ಅದನ್ನು ಓದಿ ಎಕ್ಸೆಲ್‌ನಲ್ಲಿ ತುಂಬಬೇಕು. ಈ ಸಲ ಬಂದಿರುವುದು ಕೆನಡಾದ ಒಂದು ಕುಟುಂಬದ ವಂಶಾವಳಿ. ಅವರ ಹಿರಿಯರು ಸ್ಕಾಟ್ಲೆಂಡಿನ ಪರ್ತ್‌ಶೈರ್ ಕಡೆಯವರು. ಈಗಿನವರೆಲ್ಲ ಮ್ಯಾಕ್‌ಗ್ರೆಗರ್. ಆದರೆ 1751ರ ಚರ್ಚ್ ದಾಖಲೆಯಲ್ಲಿ ಅದೇ ಮನೆಯ ಹುಡುಗನ ಹೆಸರಿನ ಮುಂದೆ ಕ್ಯಾಂಬೆಲ್ ಅಂತ ಇದೆ. ಅವನ ಮಗ 1788ರಲ್ಲಿ ಮತ್ತೆ ಮ್ಯಾಕ್‌ಗ್ರೆಗರ್. ಇನ್ನೊಂದು ಕವಲಿನವರು ಮರ್ರೆ.

ಅದಕ್ಕಿಂತ ಹಳೆಯ, 1600ರ ನಂತರದ ಕೆಲವು ಹಾಳೆಗಳಲ್ಲಿ ಹೆಂಗಸರ ಹೆಸರಿನ ಮುಂದೆ ಮ್ಯಾಕ್‌ಗೆ ಬರೆಯುವ ಎಂ-ಸಿ (Mc) ಬದಲು ಎನ್-ಸಿ (Nc) ಅಂತ ಬರೆದಿದೆ. ಕೆಲಸ ಕೊಟ್ಟವರು ತಪ್ಪು ಅನ್ನಿಸಿದರೆ ಸರಿ ಮಾಡಿ ಹಾಕಿ ಅಂದಿದ್ದಾರೆ. ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ. ಸರಿ ಮಾಡಲಾ, ಹಾಗೇ ಬಿಡಲಾ? ಮ್ಯಾಕ್‌ಗ್ರೆಗರ್, ಕ್ಯಾಂಬೆಲ್ ಇವರನ್ನೆಲ್ಲ ಕ್ಲಾನ್ ಅನ್ನುತ್ತಾರಲ್ಲ, ಅದು ನಮ್ಮ ಜಾತಿಯ ಹಾಗಾ, ಗೋತ್ರದ ಹಾಗಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಠಾಣೆಯವ:

ಎರಡು ಕುಟುಂಬದ ಕಾಗದ ಬೆರೆತುಹೋಗಿರಬೇಕು. ವಾಪಸ್ ಕಳಿಸಿ ಕೇಳಿಬಿಡಿ. ಇನ್ನೊಂದು ವಿಷಯ, ಎಂ-ಸಿ ಅಂತ ಬರೆದರೆ ಐರ್ಲೆಂಡಿನವರು, ಮ್ಯಾಕ್ ಅಂತ ಪೂರ್ತಿ ಬರೆದರೆ ಸ್ಕಾಟ್ಲೆಂಡಿನವರು ಅಂತ ಕೇಳಿದ್ದೇನೆ. ಅದರಿಂದ ಬೇರ್ಪಡಿಸಬಹುದಲ್ವಾ?

ಮಾಟುಂಗಾ ಮರಕಾಲ:

ತಂಗಿ, ಏನನ್ನೂ ಸರಿ ಮಾಡಬೇಡ. ಕಾಗದದಲ್ಲಿ ಇದ್ದದ್ದು ಇದ್ದ ಹಾಗೇ ಇರಲಿ. ಅದು ಒಂದೇ ಮನೆಯ ಕಾಗದ ಇರುವ ಸಾಧ್ಯತೆ ಬಹಳ.

ನಾನು ಬಲ್ಲಾರ್ಡ್ ಎಸ್ಟೇಟಿನಲ್ಲಿ ಹಡಗಿನ ಕಚೇರಿಯೊಂದರಲ್ಲಿ 34 ವರ್ಷ ಕೆಲಸ ಮಾಡಿದವನು. ಹಡಗಿನವರ ಪಟ್ಟಿ ಬರೆಯುವುದು, ಸಹಿ ಹಾಕಿಸುವುದು ನನ್ನ ಕೆಲಸ. ಸ್ಕಾಟ್ಲೆಂಡಿನ ಇಂಜಿನಿಯರುಗಳು ಆಗಾಗ ಬರುತ್ತಿದ್ದರು. ಒಮ್ಮೆ ಒಬ್ಬ ಚೀಫ್ ಇಂಜಿನಿಯರ್ ಬಂದರು, ಅವರು ಮ್ಯಾಕ್‌ಗ್ರೆಗರ್. ಸಹಿ ಹಾಕಿ ಪೆನ್ನು ಕೆಳಗಿಟ್ಟು, ‘ಈ ಹೆಸರು ಬರೆದರೆ ಒಂದು ಕಾಲದಲ್ಲಿ ನನ್ನನ್ನು ನೇಣಿಗೆ ಹಾಕುತ್ತಿದ್ದರು’ ಅಂದರು. ನಾನು ನಂಬಲಿಲ್ಲ. ಆಮೇಲೆ ಹುಡುಕಿ ಓದಿದೆ. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಮೊದಲು ಶಬ್ದ. ಅಲ್ಲಿನ ಹಳೆಯ ಭಾಷೆ ಗೇಲಿಕ್. ಅದರಲ್ಲಿ ಮ್ಯಾಕ್ ಅಂದರೆ ಮಗ. ಗ್ರೆಗರ್‌ನ ಮಗ ಮ್ಯಾಕ್‌ಗ್ರೆಗರ್. ಗ್ರೆಗರ್ ಅನ್ನುವುದು ಚರ್ಚಿನ ಮೂಲಕ ಬಂದ ಹೆಸರು, ಮೂಲ ಗ್ರೀಕ್. ಎಚ್ಚರವಾಗಿರುವವನು ಅಂತ ಅರ್ಥ. ಠಾಣೆಯವರು ಹೇಳಿದ ಮಾತು ತುಂಬಾ ಜನ ಹೇಳುತ್ತಾರೆ, ಆದರೆ ಅದು ನಿಜ ಅಲ್ಲ. ಎಂ-ಸಿ ಅನ್ನುವುದು ಮ್ಯಾಕ್ ಅನ್ನುವುದನ್ನೇ ಚುಟುಕಾಗಿ ಬರೆದದ್ದು, ಎರಡೂ ದೇಶಗಳಲ್ಲಿ ಎರಡೂ ಇವೆ. ಒಬ್ಬನೇ ಗುಮಾಸ್ತ ಒಂದೇ ಪುಟದಲ್ಲಿ ಎರಡು ಥರ ಬರೆದಿರುತ್ತಾನೆ.

ಎನ್-ಸಿ ಕೂಡ ತಪ್ಪಲ್ಲ. ಗೇಲಿಕ್‌ನಲ್ಲಿ ಹೆಣ್ಣುಮಕ್ಕಳಿಗೆ ಮ್ಯಾಕ್ ಹೇಳುವುದಿಲ್ಲ, ನಿಕ್ ಅನ್ನುತ್ತಾರೆ. ಆ ಮನೆಯ ಮಗಳು ಅಂತ. ಗುಮಾಸ್ತ ಆ ನಿಕ್ ಅನ್ನೇ ಎನ್-ಸಿ ಅಂತ ಚಿಕ್ಕದು ಮಾಡಿದ್ದಾನೆ. ಅದನ್ನು ನೀನು ಎಂ-ಸಿ ಮಾಡಿಬಿಟ್ಟರೆ ಒಬ್ಬ ಮಗಳು ಮಗನಾಗಿಬಿಡುತ್ತಾಳೆ.

ಈಗ ಕ್ಯಾಂಬೆಲ್ ವಿಷಯ. ಮ್ಯಾಕ್‌ಗ್ರೆಗರ್‌ಗಳು ಇದ್ದದ್ದು ಗ್ಲೆನ್ ಆರ್ಕಿ, ಗ್ಲೆನ್ ಸ್ಟ್ರೇ ಕಡೆ. ಗ್ಲೆನ್ ಅಂದರೆ ಗುಡ್ಡಗಳ ನಡುವಿನ ಕಣಿವೆ. ಆ ಭೂಮಿ ಕಾಗದಪತ್ರದ ಬಲದಿಂದ ಸ್ವಲ್ಪ ಸ್ವಲ್ಪವಾಗಿ ಕ್ಯಾಂಬೆಲ್‌ಗಳ ಕೈ ಸೇರಿತು. ನೆಲ ಹೋದ ಮೇಲೆ ಇವರು ದನ ಹೊಡೆದುಕೊಂಡು ಹೋಗುವುದು, ಲೂಟಿ ಮಾಡುವುದು ಶುರು ಮಾಡಿದರು. 1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂನ್‌ನಲ್ಲಿ ಕಹೂನ್ ಕ್ಲಾನಿನವರ ಮೇಲೆ ಬಿದ್ದು ಬಹಳ ಜನರನ್ನು ಕೊಂದರು. (ಈ ಕಹೂನ್ ಬರೆಯುವಾಗ ನಡುವೆ ಎಲ್, ಕ್ಯೂ ಎಲ್ಲ ಬರುತ್ತದೆ, ಗಾಬರಿಯಾಗಬೇಡ.) ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸ್ ಸಿಟ್ಟಾದ. ಅವನು ಇಂಗ್ಲೆಂಡಿನ ಪಟ್ಟ ಏರಲು ಲಂಡನ್ನಿಗೆ ಹೊರಟದ್ದು ಏಪ್ರಿಲ್ 5ಕ್ಕೆ. ಅದಕ್ಕೆ ಎರಡು ದಿನ ಮೊದಲು, ಏಪ್ರಿಲ್ 3ಕ್ಕೆ, ಅವನ ಸಭೆ ಮ್ಯಾಕ್‌ಗ್ರೆಗರ್ ಅನ್ನುವ ಹೆಸರನ್ನೇ ರದ್ದು ಮಾಡಿತು. ಆ ಹೆಸರು ಇಟ್ಟುಕೊಂಡವರಿಗೆ ಮರಣದಂಡನೆ. ಮುಂದಿನ ಜನವರಿಯಲ್ಲಿ ಅವರ ಮುಖ್ಯಸ್ಥನನ್ನು ಎಡಿನ್‌ಬರೋದಲ್ಲಿ ನೇಣಿಗೆ ಹಾಕಿದರು. ಆಮೇಲೆ ನಾಲ್ಕಕ್ಕಿಂತ ಜಾಸ್ತಿ ಜನ ಒಟ್ಟಿಗೆ ಸೇರಬಾರದು, ಮಾಂಸ ಕೊಯ್ಯಲು ಮೊನೆ ಇಲ್ಲದ ಚಾಕು ಬಿಟ್ಟು ಬೇರೆ ಆಯುಧ ಇರಬಾರದು ಅಂತಲೂ ಆಯಿತು.

ಜನ ಏನು ಮಾಡಬೇಕು? ಬೇರೆ ಹೆಸರು ಹೊತ್ತುಕೊಂಡರು. ಗ್ರಾಂಟ್, ಡ್ರಮಂಡ್, ಮರ್ರೆ, ಸ್ಟುವರ್ಟ್, ಕ್ಯಾಂಬೆಲ್. ಹೌದು, ನೆಲ ತೆಗೆದುಕೊಂಡವರ ಹೆಸರನ್ನೇ.

ರಾಜನ ಕಡೆ ನಿಂತು ಹೋರಾಡಿದ್ದಕ್ಕೆ 1661ರಲ್ಲಿ ಎರಡನೇ ಚಾರ್ಲ್ಸ್ ಹೆಸರು ವಾಪಸ್ ಕೊಟ್ಟ. 1693ರಲ್ಲಿ ಮತ್ತೆ ಕಿತ್ತುಕೊಂಡರು. ಆ ಕ್ಲಾನಿನಲ್ಲಿ ಬಹಳ ಹೆಸರಾದ ರಾಬ್ ರಾಯ್ ಅನ್ನುವವನ ಹೆಸರು ಕೇಳಿರಬಹುದು. ಅವನು 1671ರಲ್ಲಿ ಹುಟ್ಟುವಾಗ ಮ್ಯಾಕ್‌ಗ್ರೆಗರ್ ಅನ್ನಬಹುದಿತ್ತು. 22 ವರ್ಷ ಆಗುವಾಗ ಅನ್ನುವ ಹಾಗಿರಲಿಲ್ಲ. ತಾಯಿಯ ಮನೆಯ ಕ್ಯಾಂಬೆಲ್ ಹೆಸರು ಹಾಕಿಕೊಂಡ. ಕೊನೆಗೆ ನಿಷೇಧ ಪೂರ್ತಿ ಹೋದದ್ದು 1774ರಲ್ಲಿ. ಮೊದಲ ಆಜ್ಞೆಯಿಂದ 171 ವರ್ಷ. ಈಗ ನಿನ್ನ ಕಾಗದ ನೋಡು. 1751ರಲ್ಲಿ ಕ್ಯಾಂಬೆಲ್, 1788ರಲ್ಲಿ ಮ್ಯಾಕ್‌ಗ್ರೆಗರ್. ಲೆಕ್ಕ ಸರಿಯಾಗಿ ಕೂರುತ್ತದೆ.

ಕ್ಲಾನ್ ಜಾತಿಯೂ ಅಲ್ಲ, ಗೋತ್ರವೂ ಅಲ್ಲ. ಗೇಲಿಕ್‌ನಲ್ಲಿ ಆ ಶಬ್ದಕ್ಕೆ ಮಕ್ಕಳು ಅಂತ ಅರ್ಥ. ನಮ್ಮೂರಿನವರಾದರೆ ಸಂತಾನ ಅನ್ನುತ್ತಿದ್ದರು. ಆದರೆ ಎಲ್ಲರೂ ರಕ್ತಸಂಬಂಧಿಗಳಲ್ಲ. ಮುಖ್ಯಸ್ಥನ ನೆಲದಲ್ಲಿ ಗೇಣಿಗೆ ಇದ್ದವರು, ಅವನ ಆಶ್ರಯಕ್ಕೆ ಬಂದವರು ಎಲ್ಲ ಅವನ ಹೆಸರನ್ನೇ ಇಟ್ಟುಕೊಂಡರು. ನಮ್ಮಲ್ಲಿ ಒಂದೇ ಬಳಿಯವರು (ಬಳಿ ಅಂದರೆ ಗೋತ್ರದ ಹಾಗೆ) ಮದುವೆ ಆಗುವುದಿಲ್ಲ. ಅಲ್ಲಿ ಒಂದೇ ಕ್ಲಾನಿನೊಳಗೆ ಮದುವೆ ನಡೆಯುತ್ತಿತ್ತು.

ಇದು ನನಗೆ ಬೇಗ ಅರ್ಥವಾಯಿತು. ಯಾಕೆಂದರೆ ನಾನೇ ಹಾಗೆ. ಕುಂದಾಪುರದ ಕಡೆಯಿಂದ 11ನೇ ವಯಸ್ಸಿಗೆ ಮುಂಬಯಿಗೆ ಬಂದೆ, ಫೋರ್ಟ್‌ನ ಒಂದು ಹೋಟೆಲಿಗೆ. ಹಗಲು ಟೇಬಲ್ ಒರೆಸುವುದು, ರಾತ್ರಿ ಶಾಲೆ. ಸೇರಿಸುವಾಗ ಬರೆದುಕೊಳ್ಳುವವರು ಸರ್‌ನೇಮ್ ಏನು ಅಂದರು. ನನಗೆ ಗೊತ್ತಾಗಲಿಲ್ಲ. ಹೋಟೆಲಿನ ಹುಡುಗ ಅಲ್ವಾ ಅಂತ ದಣಿಗಳ ಶೆಟ್ಟಿ ಅನ್ನುವುದನ್ನೇ ಬರೆದರು. ನಾವು ಮೊಗವೀರರು, ಮರಕಾಲ. ರೇಷನ್ ಕಾರ್ಡ್, ಪಿ.ಎಫ್., ಪಾಸ್‌ಬುಕ್ ಎಲ್ಲದರಲ್ಲೂ ನಾನು ಶೆಟ್ಟಿ. ಆ ಇಂಜಿನಿಯರ್ ಅವತ್ತು ನಿನ್ನ ಹೆಸರಿನ ಅರ್ಥ ಏನು ಅಂತ ಪ್ರೀತಿಯಿಂದ ಕೇಳಿದರು. ನನಗೆ ಬಾಯಿ ಬರಲಿಲ್ಲ. ದಣಿಗಳು ಅನ್ನ ಹಾಕಿದವರು, ಅವರ ಹೆಸರಿನ ಮೇಲೆ ನನಗೆ ಬೇಸರ ಇಲ್ಲ. ಆದರೆ ಅದು ನನ್ನದಲ್ಲ.

ಪುಣೆ ಕೊತ್ರೂಡ್:

ಸರ್, ಓದಿ ಕಣ್ಣು ತುಂಬಿತು. ನಾನು ವಿಜಯಪುರದ ಕಡೆಯವಳು. ನಮ್ಮಲ್ಲಿ ಇದಕ್ಕೆ ಅಡ್ಡಹೆಸರು ಅನ್ನುತ್ತಾರೆ. ಇಲ್ಲಿ ಆಡನಾವ್. ಮದುವೆಯಾಗಿ ಬಂದಾಗ ಅಕ್ಕಿಯ ಮೇಲೆ ನನ್ನ ಹೊಸ ಹೆಸರು ಬರೆಸಿದರು. ನಡುವೆ ಗಂಡನ ಹೆಸರು, ಕೊನೆಗೆ ಅವರ ಅಡ್ಡಹೆಸರು. ಅಪ್ಪ ಇಟ್ಟದ್ದು ಒಂದೂ ಉಳಿಯಲಿಲ್ಲ.

ಘಾಟ್‌ಕೋಪರ್ ಅಕ್ಕ, ನಿಮ್ಮ ಕೆಲಸಕ್ಕೆ ಉಪಯೋಗ ಆಗುವ ಒಂದು ಮಾತು. ಸ್ಕಾಟ್ಲೆಂಡಿನ ಹಳೆಯ ದಾಖಲೆಗಳಲ್ಲಿ ಮದುವೆಯಾದ ಹೆಂಗಸರನ್ನು ತವರಿನ ಹೆಸರಿನಿಂದಲೇ ಬರೆಯುತ್ತಿದ್ದರು. ಗೋರಿಯ ಕಲ್ಲಿನ ಮೇಲೂ ಹಾಗೇ ಇರುತ್ತದೆ. ಹಾಗಾಗಿ ಗಂಡ ಹೆಂಡತಿಯ ಹೆಸರು ಬೇರೆ ಇದ್ದರೆ ಮದುವೆ ಆಗಿಲ್ಲ ಅಂತ ತಿಳಿಯಬೇಡಿ. ನಾನು ಒಂದು ಗ್ರಂಥಾಲಯದಲ್ಲಿ ಕ್ಯಾಟಲಾಗ್ ಮಾಡುವಾಗ ಕಲಿತದ್ದು ಇದು.

ಘಾಟ್‌ಕೋಪರ್ ಟೈಪಿಸ್ಟ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎನ್-ಸಿ ಇದ್ದ ಒಂಬತ್ತು ಹೆಸರು ಆಗಲೇ ತಿದ್ದಿಬಿಟ್ಟಿದ್ದೆ. ಈಗ ಕೂತು ಎಲ್ಲ ವಾಪಸ್ ಹಾಕಿದೆ.

ಇನ್ನೊಂದು ಕೇಳಲಾ? ಅವರು ಒಂದು ಚೌಕುಳಿ ಬಟ್ಟೆಯ ಫೋಟೋ ಕಳಿಸಿದ್ದಾರೆ, ಅಜ್ಜನದಂತೆ. ಕೆಂಪು ಹಸಿರು. ಅದರಿಂದ ಕ್ಲಾನ್ ಗೊತ್ತಾಗುತ್ತಾ? ಹಾಗಾದರೆ 1751ರ ಹುಡುಗ ನಿಜವಾಗಿ ಮ್ಯಾಕ್‌ಗ್ರೆಗರ್ ಅಂತ ಬರೆದುಬಿಡಬಹುದಲ್ವಾ?

ಮಾಟುಂಗಾ ಮರಕಾಲ:

ಬೇಡ ತಂಗಿ. ಒಂದು ಕ್ಲಾನಿಗೆ ಒಂದು ಚೌಕುಳಿ ಅನ್ನುವ ಪದ್ಧತಿ ಗಟ್ಟಿಯಾದದ್ದು ಈಚೆಗೆ. 1822ರಲ್ಲಿ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ ಮೇಲೆ ಅದಕ್ಕೆ ಜೋರು ಬಂತು. ಅಜ್ಜನ ಬಟ್ಟೆ ಅಜ್ಜನ ಕಾಲದ ಮಾತು ಹೇಳುತ್ತದೆ, 1751ರದ್ದಲ್ಲ.

ಮತ್ತೆ ನಿಜವಾದ ಕ್ಯಾಂಬೆಲ್‌ಗಳೂ ಆ ಕಡೆ ಬೇಕಾದಷ್ಟು ಜನ ಇದ್ದರು. ಆ ಹುಡುಗನ ಅಪ್ಪ ಅಮ್ಮನ ಮದುವೆ ದಾಖಲೆ, ಅಣ್ಣ ತಮ್ಮಂದಿರ ದಾಖಲೆ ಇದ್ದರೆ ತೆಗೆದು ನೋಡು. ಕ್ಯಾಂಬೆಲ್ ಅಲಿಯಾಸ್ ಮ್ಯಾಕ್‌ಗ್ರೆಗರ್ ಅಂತ ಎಲ್ಲಾದರೂ ಇದೆಯಾ ಅಂತ. ಆಗ ಗುಮಾಸ್ತರು ಹಾಗೆ ಬರೆಯುತ್ತಿದ್ದರು. ನಿಷೇಧ ಹೋದ ಮೇಲೆ 826 ಜನ ಮ್ಯಾಕ್‌ಗ್ರೆಗರ್‌ಗಳು ಸಹಿ ಹಾಕಿ ಒಬ್ಬರನ್ನು ಮುಖ್ಯಸ್ಥ ಅಂತ ಒಪ್ಪಿದರು. ಅವರು ಜನರಲ್ ಜಾನ್ ಮರ್ರೆ, ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿ ಇದ್ದವರು. ಮುಖ್ಯಸ್ಥನಿಗೇ ಮರ್ರೆ ಅನ್ನುವ ಹೆಸರು. ನಿನ್ನ ಮರ್ರೆ ಕವಲನ್ನೂ ತಳ್ಳಿಹಾಕಬೇಡ.

ಎಕ್ಸೆಲ್‌ನಲ್ಲಿ ಇನ್ನೊಂದು ಕಾಲಂ ಮಾಡು. ಒಂದರಲ್ಲಿ ಕಾಗದದಲ್ಲಿ ಕಂಡ ಹೆಸರು, ಇನ್ನೊಂದರಲ್ಲಿ ಮನೆಯವರು ಹೇಳುವ ಹೆಸರು. ಮಗಳ ಮದುವೆಯ ಕಾಗದ ಅಚ್ಚು ಹಾಕಿಸುವಾಗ ನಾನು ಮಾಡಿದ್ದೂ ಅದೇ. ಪ್ರೆಸ್ಸಿನವನು ಎರಡರಲ್ಲಿ ಒಂದು ಹೇಳಿ ಅಂದ. ಎರಡೂ ಹಾಕು ಅಂದೆ. ಶೆಟ್ಟಿ ಮುಂದೆ ಕಂಸದಲ್ಲಿ ಮರಕಾಲ ಅಂತ ಬಂತು. ಊರಿನಿಂದ ಬಂದವರು ಆ ಕಾಗದ ಹಿಡಿದುಕೊಂಡೇ ಹಾಲ್ ಹುಡುಕಿಕೊಂಡು ಬಂದರು.